ಜೈಲನ್ನು ಮೂರು ಕಡೆಯಿಂದ ನೋಡಿದ ವಕೀಲ

1978ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕನ್ನಡಿಗನೊಬ್ಬ ಬರುತ್ತಾನೆ. ಅವನಿಗೆ ಹೆಸರಿಲ್ಲ. ಆ ಕೇಸಿಗೂ ಅವನಿಗೂ ಸಂಬಂಧವೂ ಇಲ್ಲ. ಕೇಸು ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನದು. ಅವನನ್ನು ಜಾಮೀನಿನ ಮೇಲೆ ಬಿಡಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಶ್ಯೂರಿಟಿ ಕೊಡು ಅಂದರು. ಆ ಕಾಲದ ಹತ್ತು ಸಾವಿರ, ಅದೂ ಗಾರೆಯವನಿಗೆ! ಅವನ ಒಡಹುಟ್ಟಿದವನು ಶ್ಯೂರಿಟಿ ನಿಲ್ಲಲು ಬಂದ. ನೀನೂ ಬೇರೆ ಜಿಲ್ಲೆ, ನಿನ್ನ ಆಸ್ತಿಯೂ ಬೇರೆ ಜಿಲ್ಲೆ, ನಡೆಯಲ್ಲ ಅಂತ ವಾಪಸ್ ಕಳಿಸಿದರು.

ಮೋತಿರಾಮ್ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ. ತೀರ್ಪು ಬರೆದ ನ್ಯಾಯಮೂರ್ತಿಗಳಿಗೆ ಸಿಟ್ಟು ಬಂದಿದ್ದು ಓದಿದರೇ ಗೊತ್ತಾಗುತ್ತದೆ. ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರ್‌ನಲ್ಲಿ, ಪೋರ್ಟ್‌ಬ್ಲೇರ್‌ನಲ್ಲಿ, ಪಹಲ್ಗಾಮ್‌ನಲ್ಲಿ, ಚಾಂದನಿ ಚೌಕದಲ್ಲಿ ಅರೆಸ್ಟ್ ಆದರೆ ಏನು ಮಾಡಬೇಕು, ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ಕೇಳಿದರು. ಆಮೇಲೆ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಮೋತಿರಾಮನನ್ನು ಬಿಡಿ ಅಂದರು.

ಇಲ್ಲಿ ಕೂತವರಲ್ಲಿ ಎಷ್ಟು ಜನ ಶ್ಯೂರಿಟಿ ನಿಂತಿದ್ದೀರಿ? ಕೈ ಎತ್ತಿ, ನೋಡೋಣ. ಪರವಾಗಿಲ್ಲ, ಜಾಸ್ತಿ ಜನ ಇದ್ದೀರಿ. ಪಹಣಿ ಹಿಡಿದುಕೊಂಡು ಬೆಂಚ್ ಕ್ಲರ್ಕ್ ಎದುರು ನಿಲ್ಲುವ ಮುಜುಗರ ನಿಮಗೆ ಗೊತ್ತಿದೆ. ನಾನು ವಕೀಲಿ ಶುರು ಮಾಡಿದ ವರ್ಷ, ಕರಾವಳಿಯ ಒಂದು ತಾಲೂಕು ಕೋರ್ಟಿನಲ್ಲಿ, ಬಯಲುಸೀಮೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹುಡುಗನೊಬ್ಬ ಜಾಮೀನು ಸಿಕ್ಕಿದ ಮೇಲೂ ನಲವತ್ತು ದಿನ ಒಳಗೇ ಇದ್ದ. ಅವನ ಅಪ್ಪ ಊರಿನಿಂದ ಎರಡು ಎಕರೆಯ ಪಹಣಿ ತಂದಿದ್ದರು. 'ಲೋಕಲ್ ಶ್ಯೂರಿಟಿ ಬೇಕು' ಅಂದರು. ಮುದುಕರು ಪಹಣಿಯನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಕೋರ್ಟಿನ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚಿದರು. ನನಗೆ ಆಗ ಮೋತಿರಾಮ್ ಕೇಸು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಚಿಕೆಯಾಯಿತು.

ಆ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಅವರು ಸುಪ್ರೀಂ ಕೋರ್ಟಿನಲ್ಲಿ ಮಾಡಿದ್ದೆಲ್ಲದರ ಬೇರು ಒಂದು ಸಣ್ಣ ಊರಿನ ಕೋರ್ಟಿನಲ್ಲಿ ಸಿಗುತ್ತದೆ ಅಂತ ನನ್ನ ನಂಬಿಕೆ. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಹುಟ್ಟಿದ್ದು ಪಾಲಕ್ಕಾಡ್ ಹತ್ತಿರದ ವೈದ್ಯನಾಥಪುರಂ ಎಂಬ ಹಳ್ಳಿಯಲ್ಲಿ. ತಂದೆ ರಾಮ ಅಯ್ಯರ್ ಕೂಡ ವಕೀಲರು. ಅಣ್ಣಾಮಲೈ ವಿಶ್ವವಿದ್ಯಾಲಯ, ಮದ್ರಾಸಿನ ಲಾ ಕಾಲೇಜು ಮುಗಿಸಿಕೊಂಡು ಬಂದ ಮಗ 1930ರ ದಶಕದ ಕೊನೆಯಲ್ಲಿ ತಲಶ್ಶೇರಿಯಲ್ಲಿ ಕರಿಕೋಟು ಹಾಕಿದರು. ತಲಶ್ಶೇರಿ ನಮಗೆ ದೂರದ ಊರಲ್ಲ. ಮಂಗಳೂರಿನಿಂದ ರೈಲಿನಲ್ಲಿ ಮೂರು ಗಂಟೆಯೊಳಗೆ ಹೋಗಬಹುದು. ಕೊಡಗಿನವರಿಗಂತೂ ಘಾಟಿ ಇಳಿದರೆ ಸಿಗುವ ಸಮುದ್ರ ಅದೇ. ಬ್ರಿಟಿಷರ ಕಾಲದ ಹಳೇ ಜಿಲ್ಲಾ ಕೋರ್ಟು ಅಲ್ಲಿತ್ತು.

ಆ ಕೋರ್ಟಿಗೆ ಯಾರು ಬರುತ್ತಿದ್ದರು? ಹೆಚ್ಚಿನವರು ಗೇಣಿಯ ಜನ. ಮಲಬಾರಿನಲ್ಲಿ ಜಮೀನಿನ ಒಡೆಯನಿಗೆ ಜನ್ಮಿ ಅನ್ನುತ್ತಾರೆ. ಅವನ ಕೆಳಗೆ ‘ಕಾಣಂ’ ಎಂಬ ಗೇಣಿ ಹಕ್ಕು ಇದ್ದವರು, ಅವರ ಕೆಳಗೆ ವರ್ಷ ವರ್ಷದ ಗೇಣಿಯವರು. ನಮ್ಮ ಕಡೆಯ ಚಾಲಗೇಣಿಯ ಹಾಗೇ ಅಂದುಕೊಳ್ಳಿ. ಒಡೆಯ ಏಳು ಅಂದರೆ ಏಳಬೇಕು. ಬೀಡಿ ಕಟ್ಟುವವರು, ನೇಯ್ಗೆಯವರು, ಮಿಲ್ಲಿನ ಕೆಲಸಗಾರರೂ ಇದ್ದರು. 1940ರ ದಶಕದಲ್ಲಿ ಉತ್ತರ ಮಲಬಾರು ರೈತ ಹೋರಾಟದಿಂದ ಕುದಿಯುತ್ತಿತ್ತು. ಪೊಲೀಸರು ಹಿಡಿದವರಲ್ಲಿ ಎಷ್ಟೋ ಜನರ ಪರ ಕೃಷ್ಣ ಅಯ್ಯರ್ ವಕಾಲತ್ತು ಹಾಕಿದರು. ಬ್ರಾಹ್ಮಣರ ಮನೆಯ ಹುಡುಗ, ಒಳ್ಳೆ ಪ್ರಾಕ್ಟೀಸು ಇರುವ ತಂದೆ. ಸುಮ್ನೆ ಜನ್ಮಿಗಳ ಕೇಸು ಹಿಡಿದಿದ್ದರೆ ಆರಾಮಾಗಿ ಇರಬಹುದಿತ್ತು.

1948ರಲ್ಲಿ, ವಿಚಾರಣೆಯ ಹೆಸರಿನಲ್ಲಿ ಪೊಲೀಸರು ಹೊಡೆಯುವುದನ್ನು ಅವರು ವಿರೋಧಿಸಿದರು. ಕಮ್ಯುನಿಸ್ಟರಿಗೆ ಕಾನೂನು ಸಹಾಯ ಮಾಡುತ್ತಾನೆ ಅಂತ ಆರೋಪ ಹೊರಿಸಿ ಅವರನ್ನೇ ಒಳಗೆ ಹಾಕಿದರು. ಒಂದು ತಿಂಗಳು. ವಕೀಲ ಕಕ್ಷಿದಾರನಿಗೆ ಸಹಾಯ ಮಾಡುವುದೇ ಅಪರಾಧವಾದ ಕಾಲ ಅದು. ಈ ಒಂದು ತಿಂಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1952ರ ಚುನಾವಣೆಯಲ್ಲಿ ಕೂತುಪರಂಬ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಮದ್ರಾಸ್ ವಿಧಾನಸಭೆಗೆ ಹೋದರು. ಆಗ ಅದೇ ಸಭೆಯಲ್ಲಿ ನಮ್ಮ ಮಂಗಳೂರು, ಪುತ್ತೂರಿನ ಶಾಸಕರೂ ಕೂರುತ್ತಿದ್ದರು. ದಕ್ಷಿಣ ಕನ್ನಡವೂ ಮಲಬಾರೂ ಮದ್ರಾಸಿನ ಎರಡು ಪಕ್ಕದ ಜಿಲ್ಲೆಗಳು. 1956ರಲ್ಲಿ ಗೆರೆ ಎಳೆದ ಮೇಲೆ ನಾವು ಇತ್ತ, ಅವರು ಅತ್ತ. ಕಾಸರಗೋಡೂ ಅತ್ತಲೇ ಹೋಯಿತು. ಅದು ಬೇರೆ ಕಥೆ, ಶುರು ಮಾಡಿದರೆ ನಮಗೆ ಊಟದ ಹೊತ್ತು ಮೀರುತ್ತದೆ.

1957ರಲ್ಲಿ ಕೇರಳದ ಮೊದಲ ವಿಧಾನಸಭೆ. 126 ಸ್ಥಾನ. ಕಮ್ಯುನಿಸ್ಟ್ ಪಕ್ಷಕ್ಕೆ ಬಂದಿದ್ದು 60. ಬಹುಮತಕ್ಕೆ ನಾಲ್ಕು ಕಡಿಮೆ. ಪಕ್ಷದ ಬೆಂಬಲದಿಂದ ಗೆದ್ದ ಐವರು ಪಕ್ಷೇತರರು ಸೇರಿದ್ದರಿಂದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ನಿಂತಿತು. ಆ ಐವರಲ್ಲಿ ತಲಶ್ಶೇರಿಯಿಂದ ಗೆದ್ದ ಅಯ್ಯರ್ ಒಬ್ಬರು. ಪಕ್ಷದ ಕಾರ್ಡ್ ಇಲ್ಲದ ಮನುಷ್ಯನಿಗೆ ಕಾನೂನು, ಗೃಹ, ಜೈಲು, ನೀರಾವರಿ, ವಿದ್ಯುತ್ ಎಲ್ಲ ಕೊಟ್ಟರು. ಹನ್ನೊಂದೇ ಮಂತ್ರಿಗಳ ಸಂಪುಟ, ಹೊರೆ ಜಾಸ್ತಿ.

ವಾರ ತುಂಬುವುದರೊಳಗೆ ಆ ಸರ್ಕಾರ ಮಾಡಿದ ಕೆಲಸ, ಗೇಣಿಯವರನ್ನು ಒಕ್ಕಲೆಬ್ಬಿಸುವುದನ್ನು ನಿಲ್ಲಿಸಿ ಸುಗ್ರೀವಾಜ್ಞೆ ತಂದಿದ್ದು. ಕಂದಾಯ ಖಾತೆ ಕೆ.ಆರ್. ಗೌರಿಯವರದು. ಆದರೆ ಕೋರ್ಟಿನ ಜಗಲಿಯಲ್ಲಿ ಇಪ್ಪತ್ತು ವರ್ಷ ಒಕ್ಕಲೆಬ್ಬಿಸುವ ದಾವೆಗಳನ್ನು ನೋಡಿದ ಕಾನೂನು ಮಂತ್ರಿಗೆ ಅವತ್ತು ಹೇಗನ್ನಿಸಿರಬಹುದು, ನೀವೇ ಊಹಿಸಿ. ನಮ್ಮಲ್ಲಿ ಉಳುವವನೇ ಹೊಲದೊಡೆಯ ಅಂತ ಅರಸು ಅವರ ಕಾಲದ ತಿದ್ದುಪಡಿ ಬರಲು 1974 ಆಗಬೇಕಾಯಿತು. ಅದೇ 1957ರಲ್ಲಿ ಬಡವರಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಕೊಡುವ ನಿಯಮಗಳನ್ನೂ ಕೇರಳದಲ್ಲಿ ತಂದರು. ಒಂಬತ್ತು ವರ್ಷದ ಹಿಂದೆ ಕೈದಿಯಾಗಿದ್ದವರು ಈಗ ಜೈಲು ಮಂತ್ರಿ. ಜೈಲಿನ ಸುಧಾರಣೆಗೂ ಕೈ ಹಾಕಿದರು.

ಎಲ್ಲ ಚೆಂದವಾಗಿತ್ತು ಅಂತ ನಾನು ಹೇಳುವುದಿಲ್ಲ. ಭೂಸುಧಾರಣೆ, ಶಿಕ್ಷಣ ಮಸೂದೆ ಎರಡೂ ಸೇರಿ ದೊಡ್ಡ ವಿರೋಧ ಎದ್ದಿತು. ವಿಮೋಚನಾ ಸಮರ ಅಂತ ಅದಕ್ಕೆ ಹೆಸರು. 1959ರ ಜೂನ್‌ನಲ್ಲಿ ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಬಡವರ ಸರ್ಕಾರ ಅಂದವರ ಪೊಲೀಸರೂ ಗುಂಡು ಹಾರಿಸಿದರು ಅನ್ನುವುದನ್ನು ಮರೆಯಬಾರದು. ಜುಲೈ 31ಕ್ಕೆ ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು. ಮಂತ್ರಿಗಿರಿ ಹೋಯಿತು. ಆಗಸ್ಟ್ ತಿಂಗಳಲ್ಲೇ ಅಯ್ಯರ್ ಮತ್ತೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಬಂದರು. ನನಗೆ ಇದು ತುಂಬಾ ಇಷ್ಟ. ನಮ್ಮಲ್ಲಿ ಒಮ್ಮೆ ಮಂತ್ರಿಯಾದವರು ಮತ್ತೆ ಕೋರ್ಟ್ ಹಾಲಿನಲ್ಲಿ 'ಸ್ವಾಮಿ, ಒಂದು ಡೇಟ್ ಕೊಡಿ' ಅಂತ ನಿಂತಿದ್ದನ್ನು ಎಷ್ಟು ಸಲ ನೋಡಿದ್ದೀರಿ?

1960ರ ಚುನಾವಣೆಯಲ್ಲಿ ಕೆಲವೇ ಮತಗಳಿಂದ ಸೋತರು. ಬಿಡಲಿಲ್ಲ, ಚುನಾವಣಾ ತಕರಾರು ಅರ್ಜಿ ಹಾಕಿ ಸೀಟು ವಾಪಸ್ ಪಡೆದರು. ಕಕ್ಷಿದಾರನಾಗಿ ಅಲೆದ ಅನುಭವವೂ ಆಯಿತು. 1965ರಲ್ಲಿ ಮತ್ತೆ ಸೋತರು. ಆಮೇಲೆ ರಾಜಕೀಯ ಸಾಕು ಅಂತ ಎರ್ನಾಕುಳಂನಲ್ಲಿ ಹೈಕೋರ್ಟ್ ಪ್ರಾಕ್ಟೀಸು. 1968ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ, 1971ರಿಂದ ಕಾನೂನು ಆಯೋಗದ ಸದಸ್ಯ, 1973ರ ಜುಲೈಯಲ್ಲಿ ಸುಪ್ರೀಂ ಕೋರ್ಟು.

ಅದು ಕೆಟ್ಟ ಕಾಲ. ಆ ವರ್ಷದ ಏಪ್ರಿಲ್‌ನಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೆ ಸರಿಸಿ ಇಂದಿರಾ ಗಾಂಧಿ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತ್ತು. ಆ ಮೂವರಲ್ಲಿ ಒಬ್ಬರು ನಮ್ಮವರು, ಕಾರ್ಕಳ ತಾಲೂಕಿನ ಕೌಡೂರು ಸದಾನಂದ ಹೆಗ್ಡೆ. ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕೆ.ಎಸ್. ಹೆಗ್ಡೆಯವರೂ ಮೊದಲು ಮಂಗಳೂರಿನಲ್ಲಿ ಸರ್ಕಾರಿ ವಕೀಲರು. ಆಮೇಲೆ ಕಾಂಗ್ರೆಸ್ಸಿನಿಂದ ರಾಜ್ಯಸಭೆ. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ. 1973ರಲ್ಲಿ ರಾಜೀನಾಮೆ ಬಿಸಾಡಿ ಬಂದು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ರಾಜಕೀಯದಿಂದ ಬಂದವರೆಲ್ಲ ಸರ್ಕಾರದ ಮಾತು ಕೇಳುತ್ತಾರೆ ಅನ್ನುವವರಿಗೆ ಹೆಗ್ಡೆಯವರೇ ಉತ್ತರ.

ಹೆಗ್ಡೆಯವರು ಹೊರಬಂದು ಮೂರು ತಿಂಗಳು ತುಂಬುವ ಮೊದಲೇ ಅಯ್ಯರ್ ಒಳಗೆ ಹೋದರು. ಸಂಶಯ ಬರದೇ ಇರುತ್ತದಾ? ಮುಂಬೈಯ ಕೆಲವು ದೊಡ್ಡ ವಕೀಲರು ಬಹಿರಂಗವಾಗಿ ವಿರೋಧಿಸಿದರು. ಕಮ್ಯುನಿಸ್ಟ್ ಸರ್ಕಾರದ ಮಂತ್ರಿಯಾಗಿದ್ದವರು ಸುಪ್ರೀಂ ಕೋರ್ಟಿಗಾ ಅಂತ. ವಿರೋಧಿಸಿದವರಲ್ಲಿ ಸೋಲಿ ಸೊರಾಬ್ಜಿಯವರೂ ಇದ್ದರು. ಮುಂದೆ ಅವರೇ, ನಾವು ತಪ್ಪು ತಿಳಿದಿದ್ದೆವು ಅಂತ ಒಪ್ಪಿಕೊಂಡರು.

ಸಂಶಯಕ್ಕೆ ಪರೀಕ್ಷೆ ಬಂದಿದ್ದು 1975ರ ಜೂನ್‌ನಲ್ಲಿ. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿಗೆ ಬೇಸಿಗೆ ರಜೆ. ರಜಾಕಾಲದ ನ್ಯಾಯಮೂರ್ತಿಯಾಗಿ ಒಬ್ಬರೇ ಕೂತವರು ಅಯ್ಯರ್. ಕಾನೂನು ಮಂತ್ರಿ ಎಚ್.ಆರ್. ಗೋಖಲೆ ಫೋನ್ ಮಾಡಿ ಬಂದು ನೋಡಬಹುದಾ ಅಂತ ಕೇಳಿದರು. ಮೇಲ್ಮನವಿಯ ವಿಷಯವಾದರೆ ನನ್ನನ್ನು ನೋಡುವ ಅಗತ್ಯವಿಲ್ಲ, ರಿಜಿಸ್ಟ್ರಿಯಲ್ಲಿ ಸಲ್ಲಿಸಿ ಅಂದರು. ಇಂದಿರಾ ಪರ ಪಾಲ್ಖಿವಾಲಾ, ಆ ಆಯ್ಕೆಯ ವಿರುದ್ಧ ಕೇಸು ಹಾಕಿದ್ದ ರಾಜ್‌ನಾರಾಯಣ್ ಪರ ಶಾಂತಿಭೂಷಣ್ ವಾದ ಮಾಡಿದರು. ಜೂನ್ 24ಕ್ಕೆ ಆದೇಶ ಬಂತು. ತಡೆಯಾಜ್ಞೆ ಪೂರ್ತಿ ಕೊಡಲಿಲ್ಲ. ಪ್ರಧಾನಿಯಾಗಿ ಮುಂದುವರಿಯಬಹುದು, ಸಂಸತ್ತಿಗೆ ಬರಬಹುದು, ಆದರೆ ಸಂಸದೆಯಾಗಿ ಮತ ಹಾಕುವಂತಿಲ್ಲ, ಆ ಸಂಬಳ ತೆಗೆದುಕೊಳ್ಳುವಂತಿಲ್ಲ. ಮರುದಿನ ರಾತ್ರಿ ತುರ್ತುಪರಿಸ್ಥಿತಿ ಬಂತು. ಅವರು ಪೂರ್ತಿ ತಡೆಯಾಜ್ಞೆ ಕೊಟ್ಟಿದ್ದರೆ ಎಮರ್ಜೆನ್ಸಿ ಬರುತ್ತಿರಲಿಲ್ಲ ಅನ್ನುವವರೂ ಇದ್ದಾರೆ, ಏನೂ ಕೊಡಬಾರದಿತ್ತು ಅನ್ನುವವರೂ ಇದ್ದಾರೆ. ಐವತ್ತು ವರ್ಷದಿಂದ ವಕೀಲರ ಕ್ಯಾಂಟೀನಿನಲ್ಲಿ ಈ ಚರ್ಚೆ ನಡೆಯುತ್ತಿದೆ.

ಈಗ 1948ರ ಆ ಒಂದು ತಿಂಗಳ ಜೈಲಿಗೆ ವಾಪಸ್ ಬರೋಣ. ಒಳಗಿದ್ದು ನೋಡಿದ್ದು ಅವರ ತೀರ್ಪುಗಳಲ್ಲಿ ಕಾಣುತ್ತದೆ.

ದೆಹಲಿಯ ತಿಹಾರ್ ಜೈಲಿನಲ್ಲಿ ಸುನಿಲ್ ಬಾತ್ರಾ ಎಂಬ ಗಲ್ಲು ಶಿಕ್ಷೆಯ ಕೈದಿ ಇದ್ದ. ಅವನನ್ನು ಒಂಟಿ ಕೋಣೆಯಲ್ಲಿ ಇಟ್ಟಿದ್ದರ ವಿರುದ್ಧದ ಕೇಸು 1978ರಲ್ಲಿ ಆಯಿತು. ನಾನು ಹೇಳಬೇಕೆಂದಿರುವುದು ಎರಡನೇ ಕೇಸು. ಬಾತ್ರಾ ಒಂದು ಕಾಗದ ಬರೆದ, ತನಗಾಗಿ ಅಲ್ಲ. ಪಕ್ಕದ ಇನ್ನೊಬ್ಬ ಕೈದಿಗೆ ವಾರ್ಡರ್ ಚಿತ್ರಹಿಂಸೆ ಕೊಟ್ಟಿದ್ದಾನೆ, ನೋಡಲು ಬರುವ ನೆಂಟರಿಂದ ದುಡ್ಡು ಕೀಳುವುದಕ್ಕಾಗಿ ಅಂತ. ಸ್ಟಾಂಪ್ ಇಲ್ಲ, ವಕಾಲತ್ತಿಲ್ಲ, ಅಫಿಡವಿಟ್ ಇಲ್ಲ. ಆ ಕಾಗದವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನದಲ್ಲಿರುವವನ ಪರವಾಗಿ ಹಾಕುವ ಅರ್ಜಿ ಅಂತ ತೆಗೆದುಕೊಂಡರು. ಕೋರ್ಟಿಗೆ ನೆರವಾಗಲು ವಕೀಲರನ್ನು ನೇಮಿಸಿ, ಜೈಲಿಗೆ ಹೋಗಿ ನೋಡಿಕೊಂಡು ಬನ್ನಿ ಅಂತ ಕಳಿಸಿದರು. 1979ರ ಡಿಸೆಂಬರ್‌ನಲ್ಲಿ ತೀರ್ಪು. ಮರುವರ್ಷ ಇನ್ನೊಬ್ಬ ವಿಚಾರಣಾಧೀನ ಕೈದಿ, ಕೋರ್ಟಿಗೆ ಕರೆತರುವಾಗೆಲ್ಲ ಕೈಕೋಳ ಹಾಕುತ್ತಾರೆ ಅಂತ ಟೆಲಿಗ್ರಾಂ ಕಳಿಸಿದ. ಅದೂ ಕೇಸಾಯಿತು. ಸುಮ್ಮಸುಮ್ಮನೆ ಕೋಳ ಹಾಕುವಂತಿಲ್ಲ ಅಂದರು. ಜಾಮೀನೇ ನಿಯಮ, ಜೈಲಲ್ಲ ಅಂತ ನಾವು ವಕೀಲರು ದಿನಾ ಹೇಳುವ ಮಾತೂ ಅವರದೇ, 1977ರದು.

ಧಾರವಾಡದವರಿಗೆ ಒಂದು ವಿಶೇಷ ಕೇಸು ಇದೆ. ಗುಜರಾತಿನಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಪಿಎಚ್‌ಡಿ ಪದವೀಧರ, ಮುಂಬೈ ಕಡೆಯ, ಮುದ್ರಣದ ಬ್ಲಾಕ್ ಮಾಡುವ ಒಬ್ಬನ ಹತ್ತಿರ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಸೀಲು ಮಾಡಿಕೊಡು ಅಂದ. ಖೊಟ್ಟಿ ಡಿಗ್ರಿ ಸರ್ಟಿಫಿಕೇಟ್ ಮಾಡುವ ಅಂದಾಜು. ಸಿಕ್ಕಿಬಿದ್ದ. ಸೆಷನ್ಸ್ ಕೋರ್ಟು, ಆ ದಿನದ ಕಲಾಪ ಮುಗಿದು ಕೋರ್ಟ್ ಏಳುವವರೆಗೆ ಕೂತಿರು, ಅಷ್ಟೇ ಶಿಕ್ಷೆ ಅಂತ ಬಿಟ್ಟಿತು. ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಹೋಗೋಣ ಅಂದರೆ ಹೈಕೋರ್ಟ್ ತೀರ್ಪಿನ ಪ್ರತಿಯೇ ಕೈಗೆ ಸಿಕ್ಕಿರಲಿಲ್ಲ ಅಂತ ಅವನ ದೂರು. ಪ್ರತಿ ಜೈಲಿಗೆ ಬಂದಿತ್ತು, ಅಲ್ಲೇ ನಿಂತಿತ್ತು. ಅರ್ಜಿ ಬರುವಷ್ಟರಲ್ಲಿ ಶಿಕ್ಷೆ ಪೂರ್ತಿ ಮುಗಿದಿತ್ತು! ಅಯ್ಯರ್ ಅವನ ಮೇಲೆ ಕನಿಕರ ತೋರಿಸಲಿಲ್ಲ, ಅರ್ಜಿ ವಜಾ ಮಾಡಿದರು. ಆದರೆ ಅದೇ ತೀರ್ಪಿನಲ್ಲಿ, ಕೈದಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೊಟ್ಟಿದ್ದಕ್ಕೆ ಅವನಿಂದ ಬರಹದಲ್ಲಿ ಸ್ವೀಕೃತಿ ಪಡೆಯಬೇಕು, ವಕೀಲನನ್ನಿಡಲು ಆಗದವನಿಗೆ ಸರ್ಕಾರವೇ ವಕೀಲನನ್ನು ಕೊಡಬೇಕು ಅಂತ ಬರೆದರು. ಸಹಿ ಮಾಡಿಸಿಕೊಂಡು ಕೊಡಿ ಅನ್ನುವ ಆ ಒಂದು ಸಾಲನ್ನು ನೋಡಿ. ಜೈಲಿನ ಆಫೀಸಿನಲ್ಲಿ ಕಾಗದ ಹೇಗೆ ಕಳೆದುಹೋಗುತ್ತದೆ ಅಂತ ಗೊತ್ತಿದ್ದವನು ಮಾತ್ರ ಬರೆಯುವ ಸಾಲು ಅದು.

ಬೆಂಗಳೂರಿನ ಕೇಸು ಹೇಳದೇ ಇದ್ದರೆ ಇಲ್ಲಿರುವ ಕಾರ್ಮಿಕ ಸಂಘದ ಗೆಳೆಯರು ನನ್ನನ್ನು ಬಿಡುವುದಿಲ್ಲ. ಬೆಂಗಳೂರು ನೀರು ಸರಬರಾಜು ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ವಸೂಲಿ ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ನಾಗರಿಕರಿಗೆ ಸೌಕರ್ಯ ಕೊಡುವ ಸಂಸ್ಥೆ, ನಮ್ಮದು ಉದ್ದಿಮೆಯೇ ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ನಮಗೆ ಲಾಗೂ ಆಗಲ್ಲ ಅಂತ ಮಂಡಳಿಯ ವಾದ. ಹೈಕೋರ್ಟು ಒಪ್ಪಲಿಲ್ಲ. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಖ್ಯ ತೀರ್ಪನ್ನು ಅಯ್ಯರ್ ಬರೆದರು. ಕ್ರಮಬದ್ಧವಾಗಿ ಒಂದು ಕೆಲಸ ನಡೆಯುತ್ತಿದೆಯಾ, ಮಾಲೀಕ ಮತ್ತು ನೌಕರ ಸೇರಿ ಮಾಡುತ್ತಿದ್ದಾರಾ, ಜನರಿಗೆ ಬೇಕಾದ ಸರಕೋ ಸೇವೆಯೋ ಅದರಿಂದ ಸಿಗುತ್ತದಾ? ಹಾಗಿದ್ದರೆ ಅದು ಉದ್ದಿಮೆ. ಲಾಭ ಬರುತ್ತದೋ ಇಲ್ಲವೋ ಲೆಕ್ಕಕ್ಕಿಲ್ಲ. ಆಸ್ಪತ್ರೆ, ಕಾಲೇಜು, ಕ್ಲಬ್ಬು ಎಲ್ಲ ಒಳಗೆ ಬಂದವು. ಇದನ್ನು ಕಡಿಮೆ ಮಾಡಲು ಸಂಸತ್ತು 1982ರಲ್ಲಿ ತಿದ್ದುಪಡಿ ಮಾಡಿತು, ಆ ವ್ಯಾಖ್ಯೆಯನ್ನು ಜಾರಿಗೆ ಮಾತ್ರ ತರಲಿಲ್ಲ. 2017ರಲ್ಲಿ ಈ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ನಾಲ್ಕಾರು ನೌಕರರ ದಂಡದ ದುಡ್ಡಿನಿಂದ ಶುರುವಾಗಿದ್ದು ಇದೆಲ್ಲ.

ಅಯ್ಯರ್ ಅವರನ್ನು ಓದುವುದು ಕಷ್ಟ, ಅದನ್ನೂ ಹೇಳಬೇಕು. ಅವರ ಇಂಗ್ಲಿಷ್ ಓದಲು ಪಕ್ಕದಲ್ಲಿ ನಿಘಂಟು ಇರಲೇಬೇಕು. ಒಂದೊಂದು ವಾಕ್ಯ ತೇರಿನ ಹಾಗೆ, ಎಳೆದಷ್ಟೂ ಮುಗಿಯುವುದಿಲ್ಲ. ಬಡವನಿಗಾಗಿ ಬರೆದದ್ದು ಬಡವನಿಗಿರಲಿ, ಬಡ ವಕೀಲನಿಗೂ ಅರ್ಥವಾಗದಿದ್ದರೆ ಹೇಗೆ ಅಂತ ನಾನು ಎಷ್ಟೋ ಸಲ ಗೊಣಗಿದ್ದೇನೆ. ಗಲ್ಲು ಶಿಕ್ಷೆಯನ್ನು ತೀರ ಕೆಲವೇ ಕೇಸಿಗೆ ಮಿತಿಗೊಳಿಸಲು 1979ರಲ್ಲಿ ಅವರು ಬರೆದಿದ್ದನ್ನು ಮರುವರ್ಷವೇ ದೊಡ್ಡ ಪೀಠ ಒಪ್ಪಲಿಲ್ಲ. ನಿವೃತ್ತಿಯ ನಂತರವೂ ಎಲ್ಲ ಸರಿಯಾಗಿ ಹೇಳಿದರು ಅಂತಿಲ್ಲ. 2011ರಲ್ಲಿ ಕೇರಳದಲ್ಲಿ ಅವರ ಅಧ್ಯಕ್ಷತೆಯ ಆಯೋಗ, ಎರಡಕ್ಕಿಂತ ಹೆಚ್ಚು ಮಕ್ಕಳಾದರೆ ದಂಡವೋ ಜೈಲೋ ಆಗಬೇಕು ಅಂತ ಶಿಫಾರಸು ಮಾಡಿತು. ಜೀವನವಿಡೀ ಜನರನ್ನು ಜೈಲಿನಿಂದ ಹೊರಗೆ ತಂದವರು ಇದಕ್ಕೆ ಹೇಗೆ ಸಹಿ ಹಾಕಿದರೋ!

1980ರ ನವೆಂಬರ್‌ನಲ್ಲಿ ನಿವೃತ್ತರಾದರು. ಹೆಂಡತಿ ಶಾರದಾ 1974ರಲ್ಲೇ ತೀರಿಕೊಂಡಿದ್ದರು. 1987ರಲ್ಲಿ ವಿರೋಧ ಪಕ್ಷಗಳು ರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿದವು, ಆರ್. ವೆಂಕಟರಾಮನ್ ಎದುರು ಸೋತರು. ಉಳಿದ ಕಾಲವೆಲ್ಲ ಕೊಚ್ಚಿಯ 'ಸದ್ಗಮಯ' ಎಂಬ ಮನೆಯಲ್ಲಿ. ಅಲ್ಲಿಗೆ ದೂರು ಹಿಡಿದುಕೊಂಡು ಜನ ಬರುತ್ತಲೇ ಇದ್ದರು. 2014ರ ಡಿಸೆಂಬರ್ 4ರಂದು, ನೂರನೇ ಹುಟ್ಟುಹಬ್ಬ ಆಚರಿಸಿ ಮೂರು ವಾರ ತುಂಬುವ ಮೊದಲು ಹೋದರು.

ಒಂದು ಕೇಸು ಬಿಟ್ಟುಹೋಯಿತು, ಅದನ್ನು ಹೇಳಿ ಕೂರುತ್ತೇನೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಸೇರುವಾಗಲೇ ಬರೆಸಿಕೊಂಡಿದ್ದರು. ಹೆಣ್ಣು ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ಕೆಲಸ ಬಿಡಿಸಬಹುದು ಅಂತಲೇ ನಿಯಮವಿತ್ತು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಗಡಿಬಿಡಿಯಲ್ಲಿ ಬಡ್ತಿ ಕೊಟ್ಟಿತು. ಒಂದು ನಿಯಮ ಆಗಲೇ ತೆಗೆದಿದ್ದೇವೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಅಂದಿತು. ಹಾಗಾಗಿ 1979ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಆದರೆ ವಜಾ ಮಾಡುವಾಗ ಅಯ್ಯರ್ ಸುಮ್ಮನಿರಲಿಲ್ಲ. ಸಂಸಾರದ ಅಡ್ಡಿ ಹೆಣ್ಣಿಗೆ ಮಾತ್ರವಾ, ಗಂಡಸು ಮದುವೆಯಾದರೆ ಆ ಅಪಾಯ ಸರ್ಕಾರಕ್ಕೆ ಇಲ್ಲವಾ ಅಂತ ಕೇಳಿದರು.

ವಿರಾಜಪೇಟೆಯಿಂದ ಹೊರಟು ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಮುಂದೆ ಮಟ್ಟನ್ನೂರು, ಆಮೇಲೆ ಸಿಗುವುದು ಕೂತುಪರಂಬ, 1952ರಲ್ಲಿ ಅಯ್ಯರ್ ಗೆದ್ದ ಕ್ಷೇತ್ರ. ಅಲ್ಲಿಂದ ತಲಶ್ಶೇರಿ ಕೋರ್ಟಿಗೆ ಬಸ್ಸಿನಲ್ಲಿ ಸ್ವಲ್ಪವೇ ದೂರ. ಮುತ್ತಮ್ಮನವರ ಊರಿಗೂ ಅವರ ಊರಿಗೂ ಇದ್ದದ್ದು ಒಂದೇ ರಸ್ತೆ. ಇಬ್ಬರೂ ಎದುರಾಗಿದ್ದು ಮಾತ್ರ ದೆಹಲಿಯಲ್ಲಿ.